ಆನೆಗೊಂದಿಯಲ್ಲಿ ಜಪಾನಿ ಚಹಾ, ಜೊತೆಗೆ ಒಂದಿಷ್ಟು ಅಂಟು

ಗಂಗಾವತಿ ತಾಲ್ಲೂಕಿನ ಆನೆಗೊಂದಿಯಲ್ಲಿ ಕಳೆದ ಭಾನುವಾರ ನಡೆದ ಜಪಾನಿ ಕಲೆಗಳ ಶಿಬಿರಕ್ಕೆ ತಲಾ 1,500 ರೂಪಾಯಿ ಕಟ್ಟಿ ನಾನೂ ನನ್ನ ತಂಗಿಯೂ ಹೋಗಿದ್ದೆವು. ಬೆಳಿಗ್ಗೆ ಚಹಾ ವಿಧಿ, ಊಟದ ನಂತರ ಒಡೆದ ಪಾತ್ರೆ ಕೂಡಿಸುವ ಕಿನ್‌ತ್ಸುಗಿ. ಬೆಳಗಿನ ಭಾಗಕ್ಕೆ ಕೊಟ್ಟ ಹಣ ಸಾರ್ಥಕವಾಯಿತು. ಮಧ್ಯಾಹ್ನದ ಭಾಗದ ಬಗ್ಗೆ ಹಾಗೆ ಹೇಳಲಾರೆ.

ತತಾಮಿ ಎಂಬ ಜಪಾನಿ ಹುಲ್ಲುಚಾಪೆಯ ಬದಲು ಬಾಳೆನಾರಿನ ಚಾಪೆ ಹಾಸಿದ್ದರು. ಅದೊಂದು ಕೊರತೆ ಎನಿಸಲಿಲ್ಲ. ಚಹಾಕ್ಕೆ ಮೊದಲು ಸಿಹಿ ತಿನ್ನುವುದು ಅಲ್ಲಿಯ ಕ್ರಮ. ಜಪಾನಿನಲ್ಲಿ ಅದಕ್ಕೆ ಹೆಚ್ಚಾಗಿ ಅಜುಕಿ ಕಾಳಿನ ಹೂರಣ ಬಳಸುತ್ತಾರೆ. ಇಲ್ಲಿ ಹೋಳಿಗೆಯ ಹೂರಣವನ್ನೇ ಪುಟ್ಟ ಉಂಡೆ ಕಟ್ಟಿ ಕೊಟ್ಟರು. ಬಳಿಕ ಬಟ್ಟಲಿಗೆ ಎರಡು ಗ್ರಾಂನಷ್ಟು ಮಾಚಾ, ಅಂದರೆ ಹಸಿರು ಚಹಾ ಎಲೆಯ ನುಣ್ಣನೆಯ ಪುಡಿ ಹಾಕಿ, ಕುದಿ ಇಳಿದು 80 ಡಿಗ್ರಿಯ ಆಸುಪಾಸಿಗೆ ಬಂದ ನೀರೆರೆದು, ಒಂದೇ ಬಿದಿರಿನ ತುಂಡನ್ನು ಎಳೆಎಳೆಯಾಗಿ ಸೀಳಿ ಮಾಡಿದ ಕಡೆಗೋಲಿನಿಂದ ನೊರೆ ಬರುವವರೆಗೆ ಕಡೆದರು. ಬಟ್ಟಲಿನ ಚೆಂದದ ಮುಖಕ್ಕೆ ತುಟಿ ತಾಗದಂತೆ ಅದನ್ನು ಅಂಗೈಯಲ್ಲಿ ಸ್ವಲ್ಪ ತಿರುಗಿಸಿ ಕುಡಿಯಬೇಕು. ಒಗರಿಗೆ ತಂಗಿ ಮುಖ ಕಿವುಚಿದಳು. ನನಗೆ ನಾಲಿಗೆಯ ಮೇಲಿದ್ದ ಹೂರಣದ ಸಿಹಿ ಅಲ್ಲಿಯೇ ಅರ್ಥವಾಯಿತು. ಈ ಸರಳ ಪದ್ಧತಿಯನ್ನು ರೂಢಿಗೆ ತಂದ ಸೆನ್ ನೊ ರಿಕ್ಯು ಹುಟ್ಟಿದ್ದು 1522ರಲ್ಲಿ ಎಂದು ಕೇಳಿದಾಗ, ಆಗ ಹೊಳೆಯಾಚೆಯ ಹಂಪಿಯಲ್ಲಿ ಕೃಷ್ಣದೇವರಾಯನ ಆಳ್ವಿಕೆ ಇತ್ತಲ್ಲವೇ ಎಂದು ಲೆಕ್ಕ ಹಾಕುತ್ತ ಕುಳಿತೆ.

ಕಿನ್‌ತ್ಸುಗಿಯಲ್ಲಿ ಒಡಕನ್ನು ಉರುಶಿ ಎಂಬ ಮರದ ಅರಗಿನಿಂದ ಬೆಸೆದು, ಆ ಗೆರೆಯ ಮೇಲೆ ಚಿನ್ನದ ಪುಡಿ ಉದುರಿಸುತ್ತಾರೆ. ಉರುಶಿ ಗಟ್ಟಿಯಾಗಲು ಬೆಚ್ಚನೆಯ ತೇವಾಂಶ ಬೇಕು, ವಾರಗಟ್ಟಲೆ ಸಮಯ ಬೇಕು. ನಮಗೆ ಕೊಟ್ಟದ್ದು ಹಾರ್ಡ್‌ವೇರ್ ಅಂಗಡಿಯ ಎಪಾಕ್ಸಿ ಅಂಟು ಮತ್ತು ಚಿನ್ನದ ಬಣ್ಣದ ಪುಡಿ. ಒಂದು ಮಧ್ಯಾಹ್ನದಲ್ಲಿ ಅದಕ್ಕಿಂತ ಹೆಚ್ಚಿನದು ಸಾಧ್ಯವಿಲ್ಲ, ಒಪ್ಪುತ್ತೇನೆ. ಆದರೆ ಅದನ್ನು ಮೊದಲೇ ಹೇಳಬೇಕಿತ್ತು. ಹುಣಸೆ ಬೀಜದ ಅಂಟು ಅರೆದು, ಪದರದ ಮೇಲೆ ಪದರ ಬಳಿದು, ಒಣಗುವವರೆಗೆ ಕಾಯುವ ಕಿನ್ನಾಳದ ಚಿತ್ರಗಾರರು ಇದೇ ಜಿಲ್ಲೆಯಲ್ಲಿರುವಾಗ, ಕಾಯುವ ಕೆಲಸ ಎಂದರೇನು ಎಂಬುದನ್ನು ನಮ್ಮಿಂದ ಮುಚ್ಚಿಡುವ ಅಗತ್ಯವಿರಲಿಲ್ಲ. ಹಾಗೆ ಅಂಟಿಸಿದ ಬಟ್ಟಲಿನಲ್ಲಿ ಏನನ್ನೂ ಕುಡಿಯಬೇಡಿ ಎಂಬ ಎಚ್ಚರಿಕೆಯೂ ನಾನು ಕೇಳಿದ ಮೇಲೆಯೇ ಬಂದಿತು. ಈಗ ಅದರಲ್ಲಿ ತಂಗಿಯ ಹೇರ್‌ಪಿನ್ನುಗಳಿವೆ.

ಚಹಾಕ್ಕಷ್ಟೇ ಅರ್ಧ ದಿನದ ಶುಲ್ಕವಿಟ್ಟರೆ ಅಮ್ಮನನ್ನೂ ಕರೆದುಕೊಂಡು ಮತ್ತೆ ಹೋಗುವೆ. ಮಂಡಿಯೂರಿ ಕುಳಿತ ಇಪ್ಪತ್ತು ನಿಮಿಷಕ್ಕೇ ನನ್ನ ಕಾಲು ಜೋಮು ಹಿಡಿದಿತ್ತು. ಮೊಣಕಾಲು ನೋವಿನವರು ಕುರ್ಚಿ ಇಡಲು ಮೊದಲೇ ಹೇಳಿಕೊಳ್ಳಬೇಕು, ನಾವು ಹೋದ ದಿನ ಒಂದೂ ಇರಲಿಲ್ಲ.