ಉಚಿತ ಹೊಲಿಗೆ ಯಂತ್ರ ಅಂತ ಹೆಬ್ಬೆಟ್ಟು ಕೇಳಿದರೆ ಕೊಡಬೇಡಿ

ಗಂಡ ತೀರಿಹೋದವರು, ಗಂಡ ಬಿಟ್ಟುಹೋದವರು ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇದ್ದರೆ ದಯವಿಟ್ಟು ಇದನ್ನು ಅವರಿಗೆ ಓದಿ ಹೇಳಿ. ನಮ್ಮ ಅಕ್ಕನಿಗೆ ಆದದ್ದು ಮತ್ತೊಬ್ಬಳಿಗೆ ಆಗಬಾರದು.

ಹಾವೇರಿ ಜಿಲ್ಲೆಯ ನಮ್ಮೂರಿಗೆ ಒಂದು ಟ್ರಸ್ಟ್‌ನವರು ಬಂದಿದ್ದರು. ಒಂಟಿ ಹೆಂಗಸರಿಗೆ ಹೊಲಿಗೆ ಯಂತ್ರ ದಾನ ಕೊಡುತ್ತೇವೆ, ಹೆಸರು ಬರೆಸಲು 1,500 ರೂಪಾಯಿ ಕೊಟ್ಟರೆ ಸಾಕು ಅಂದರು. ಬಾವ ಹೋದ ಮೇಲೆ ಅಕ್ಕನ ಕೈಗೆ ಬರುತ್ತಿದ್ದದ್ದು ತಿಂಗಳಿಗೆ 800 ರೂಪಾಯಿ ವಿಧವಾ ವೇತನ, 2,000 ರೂಪಾಯಿ ಗೃಹಲಕ್ಷ್ಮಿ. ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಬ್ಯಾಂಕಿಗೆ ಹೋದರೆ ಜಾಮೀನಿಗೆ ಯಾರಿದ್ದಾರೆ ಅನ್ನುತ್ತಿದ್ದರು. ಅಂಥವಳ ಮುಂದೆ ನಿಂತು ‘ನಿನ್ನ ಕಾಲ ಮೇಲೆ ನೀನು ನಿಲ್ಲು ತಂಗಿ’ ಅಂದವರನ್ನು ಅವಳು ನಂಬಿದಳು. ಯಾರಾದರೂ ನಂಬುತ್ತಿದ್ದರು.

ಅರ್ಜಿಯ ಜೊತೆ ಆಧಾರ್ ಮತ್ತು ಪಾಸ್‌ಬುಕ್ ಜೆರಾಕ್ಸ್ ತೆಗೆದುಕೊಂಡರು. ಮೊಬೈಲ್ ನಂಬರ್ ಬರೆಯುವ ಜಾಗದಲ್ಲಿ ಅವರದೇ ನಂಬರ್ ಬರೆದುಕೊಂಡಿದ್ದರು, ಅದು ಗೊತ್ತಾದದ್ದು ಬಹಳ ತಡವಾಗಿ. ಹೆಬ್ಬೆಟ್ಟಿನ ಮಷೀನ್ ತಂದು ಒತ್ತಿಸಿದರು. ಯಂತ್ರ ಹಂಚುವ ದಿನ ಶಾಲು ಹೊದಿಸಿ, ಫೋಟೊ ತೆಗೆದು, ‘ಸ್ವೀಕರಿಸಿದ್ದಕ್ಕೆ’ ಅಂತ ಮತ್ತೆ ಒತ್ತಿಸಿದರು. ‘ಸರ್ವರ್ ಬರ್ತಿಲ್ಲಮ್ಮ, ಇನ್ನೊಂದ್ಸಲ ಒತ್ತು’ ಅನ್ನುತ್ತಾ ಒಬ್ಬೊಬ್ಬರಿಂದಲೂ ಹಲವು ಸಲ.

ವಾರ ಕಳೆಯುತ್ತಲೇ ಫೈನಾನ್ಸ್‌ನವನೊಬ್ಬ ಕಂತು ಕೇಳಿಕೊಂಡು ಬಾಗಿಲಿಗೆ ಬಂದ. ಅಕ್ಕನ ಹೆಸರಲ್ಲಿ 40,000 ರೂಪಾಯಿ ಸಾಲ! ಪಾಸ್‌ಬುಕ್‌ಗೆ ಎಂಟ್ರಿ ಹಾಕಿಸಿದಾಗಲೇ ವಿಷಯ ತಿಳಿದದ್ದು. ಮೊದಲ ಹೆಬ್ಬೆಟ್ಟು ಸಾಲದ ಒಪ್ಪಿಗೆಗೆ ಹೋಗಿತ್ತು. ಹಣ ಅಕ್ಕನ ಖಾತೆಗೇ ಬಂದಿತ್ತು. ಆಮೇಲಿನ ಹೆಬ್ಬೆಟ್ಟುಗಳಿಂದ ಅದನ್ನು 10,000ದಂತೆ ತುಂಡು ತುಂಡಾಗಿ ಎತ್ತಿದ್ದರು. ಆಧಾರ್ ಮೂಲಕ ಹಣ ಎತ್ತಲು ಒಟಿಪಿ ಬೇಡ, ಕಾರ್ಡ್ ಬೇಡ, ಆಧಾರ್ ನಂಬರ್ ಕೈಯಲ್ಲಿದ್ದರೆ ಬೆರಳೊಂದು ಸಾಕು. ಕೊಟ್ಟ ಯಂತ್ರವೋ, ಹಳೆಯದಕ್ಕೆ ಬಣ್ಣ ಬಳಿದದ್ದು. ಟ್ರಸ್ಟ್‌ನವರ ಫೋನ್ ಸ್ವಿಚ್ ಆಫ್.

ನನಗೆ ಹೆಚ್ಚು ಸಿಟ್ಟು ಬರಿಸಿದ್ದು ಊರವರ ಮಾತು. ‘ಓದಿಲ್ಲ, ಅದಕ್ಕೇ ಮೋಸಹೋದಳು’ ಅಂದರು. ಮೋಸಹೋದವರಲ್ಲಿ ಡಿಗ್ರಿ ಮಾಡಿದವರೂ ಇದ್ದರು. ಇದರಲ್ಲಿ ನಾಚಿಕೆಪಡಬೇಕಾದವರು ಮೋಸ ಮಾಡಿದವರು. ನಾಚಿಕೆಯಿಂದ ಬಾಯಿ ಮುಚ್ಚಿ, ತಾಳಿ ಅಡವಿಟ್ಟು ಕಂತು ಕಟ್ಟಿದವರನ್ನು ಕಂಡಿದ್ದೇನೆ, ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ನಿಜವಾಗಿ ದಾನ ಕೊಡುವವರಿಗೆ ನಿಮ್ಮ ಬೆರಳಚ್ಚಿನ ಮಷೀನ್ ಯಾಕೆ ಬೇಕು? ರಸೀದಿಗೆ ಸಹಿ ಸಾಕು. ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಬಯೋಮೆಟ್ರಿಕ್, ಅಂದರೆ ಬೆರಳಚ್ಚಿನ ಗುರುತು, ಲಾಕ್ ಮಾಡಿಡಬಹುದು, ಬೇಕಾದಾಗ ಮಾತ್ರ ತೆರೆಯಬಹುದು. ಅಕ್ಕನದನ್ನು ಈಗ ಹಾಗೆ ಇಟ್ಟಿದ್ದೇವೆ. ಬ್ಯಾಂಕ್ ಖಾತೆಗೆ ನಿಮ್ಮದೇ ನಂಬರ್ ಜೋಡಣೆಯಾಗಿದೆಯಾ ಅಂತಲೂ ಒಮ್ಮೆ ವಿಚಾರಿಸಿ.

ಹೊಲಿಗೆ ಕಲಿಯಬೇಕೆನ್ನುವವರಿಗೆ ದುಡ್ಡಿಲ್ಲದ ದಾರಿ ಇದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿಯ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಈಗ ಜಿಲ್ಲೆಗಳಲ್ಲಿವೆ, ಊಟ ವಸತಿ ಸಮೇತ ಉಚಿತ. ಬಂಡವಾಳಕ್ಕೆ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆ ಇದೆ, ಸಾಲದ ಜೊತೆ ಸಹಾಯಧನ ಸಿಗುತ್ತದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ ನೇರವಾಗಿ ಕೇಳಿ, ನಡುವೆ ಯಾರೂ ಬೇಡ.

ಈಗಾಗಲೇ ಸಿಕ್ಕಿಬಿದ್ದವರು ಪಾಸ್‌ಬುಕ್ ಎಂಟ್ರಿ ಹಾಕಿಸಿ, ಆವತ್ತೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಠಾಣೆಗೂ ಬ್ಯಾಂಕಿಗೂ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಫೈನಾನ್ಸ್‌ನವರಿಂದ ಸಾಲದ ಕಾರ್ಡ್ ಕೇಳಿ, ನಿಮಗೆ ಅರ್ಥವಾಗುವ ಭಾಷೆಯಲ್ಲಿ ಅದನ್ನು ಕೊಡಬೇಕೆಂದು ರಿಸರ್ವ್ ಬ್ಯಾಂಕ್ ನಿಯಮವೇ ಇದೆ. ರಿಸರ್ವ್ ಬ್ಯಾಂಕ್‌ನಲ್ಲಿ ನೋಂದಣಿಯಾಗದ ಫೈನಾನ್ಸ್‌ನವರು ಮನೆಗೆ ಬಂದು ಹೆದರಿಸಿದರೆ 2025ರ ರಾಜ್ಯದ ಕಿರುಸಾಲ ಕಾನೂನಿನಲ್ಲಿ 10 ವರ್ಷದವರೆಗೆ ಜೈಲು ಇದೆ, ಅದನ್ನು ಅವರ ಮುಖಕ್ಕೇ ಹೇಳಿ. ಅಕ್ಕನ ದೂರಿನ ತನಿಖೆ ಇನ್ನೂ ನಡೆಯುತ್ತಿದೆ. ಕಂತಿನವನು ಮಾತ್ರ, ದೂರಿನ ಪ್ರತಿ ತೋರಿಸಿದ ಮೇಲೆ, ಬಾಗಿಲಿಗೆ ಬಂದಿಲ್ಲ.