ನಾಲ್ಕು ಎಂಬಿಪಿಎಸ್‌ನಲ್ಲಿ ಯಕ್ಷಗಾನ ಲೈವ್: ಯಾವುದು ವಾಸಿ?

ಬಯಲಾಟದ ಗದ್ದೆಗೆ ಫೈಬರ್ ಎಲ್ಲಿಂದ ಬರಬೇಕು? ಇರೋದು ಮೊಬೈಲ್ ಸಿಮ್, ಅಪ್‌ಲೋಡ್ 4 ಎಂಬಿಪಿಎಸ್ ಆಸುಪಾಸು. ಅಷ್ಟನ್ನೂ ವಿಡಿಯೋಗೇ ಸುರಿದರೆ ನೆಟ್ ಸ್ವಲ್ಪ ಕುಸಿದ ಕೂಡಲೇ ಫ್ರೇಮ್ ಬೀಳಲು ಶುರು. ಹಾಗಾಗಿ ಲೈವ್ ಕಳಿಸುವ ಸಾಫ್ಟ್‌ವೇರ್ ಓಬಿಎಸ್‌ನಲ್ಲಿ ಬಿಟ್‌ರೇಟನ್ನು (ಸೆಕೆಂಡಿಗೆ ಕಳಿಸುವ ಡೇಟಾ) 2500 ಕೆಬಿಪಿಎಸ್‌ಗೆ, ಅಂದರೆ ಎರಡೂವರೆ ಎಂಬಿಪಿಎಸ್‌ಗೆ ಕಟ್ಟಿಹಾಕಿ, ಅದರೊಳಗೇ ಒಂದೊಂದನ್ನೂ ಹೋಲಿಸಿದೆ.

ಮೊದಲು ಚಿತ್ರದ ಗಾತ್ರ: 1080ಪಿ, 720ಪಿ. ಭಾಗವತರು ಕೂತು ಹಾಡುವಾಗ 1080ಪಿ ಚೆಂದವೇ. ತೆಂಕುತಿಟ್ಟಿನ ವೇಷಧಾರಿ ಧೀಂಗಿಣಕ್ಕೆ (ಗಿರಗಿರ ತಿರುಗಿ ಹಾರುವ ಕುಣಿತ) ಇಳಿದರೆ ಮುಗಿಯಿತು. ಮುಖದ ಬಣ್ಣ, ಕಿರೀಟ ಎಲ್ಲ ಚೌಕ ಚೌಕ. ಪಿಕ್ಸೆಲ್ 720ಪಿಯ ಎರಡೂಕಾಲು ಪಟ್ಟು, ಬಿಟ್‌ರೇಟ್ ಮಾತ್ರ ಅಷ್ಟೇ! 720ಪಿಯಲ್ಲಿ ಅಂಚು ತುಸು ಮಂಕು, ಆದರೆ ಕುಣಿತ ಒಡೆಯುವುದಿಲ್ಲ. 60 ಫ್ರೇಮಿನ ಆಸೆಯೂ ಬೇಡ, 30 ಸಾಕು.

ವಿಡಿಯೋವನ್ನು ಕುಗ್ಗಿಸುವ ಎನ್ಕೋಡರ್ ವಿಷಯದಲ್ಲಿ, ಲ್ಯಾಪ್‌ಟಾಪಿನ ಇಂಟೆಲ್ ಚಿಪ್‌ನೊಳಗೇ ಇರುವ ಕ್ವಿಕ್‌ಸಿಂಕ್‌ನ ಎಚ್.264ಗಿಂತ, ಸಿಪಿಯುವಿನಲ್ಲೇ ಓಡುವ ಎಕ್ಸ್264ರ 'ಫಾಸ್ಟ್' ಪ್ರಿಸೆಟ್ ಚಿತ್ರ ಸ್ವಚ್ಛ. ಆದರೆ ಸಿಪಿಯು ಏದುಸಿರು ಬಿಡುತ್ತದೆ, ಫ್ಯಾನ್ ಸದ್ದು ಮೈಕಿಗೂ ಕೇಳುತ್ತದೆ. ಓಬಿಎಸ್ 29.1ರಿಂದ (2023) ಯೂಟ್ಯೂಬಿಗೆ ಎಚ್‌ಇವಿಸಿ (ಎಚ್.264ರ ನಂತರದ ತಲೆಮಾರಿನ ಕೋಡೆಕ್, ಅಂದರೆ ವಿಡಿಯೋ ಕುಗ್ಗಿಸುವ ವಿಧಾನ) ಕಳಿಸಬಹುದು. ಅದೇ ಕ್ವಿಕ್‌ಸಿಂಕ್‌ನಲ್ಲಿ ಎಚ್‌ಇವಿಸಿ ಆರಿಸಿದಾಗ ಎದೆಕಟ್ಟಿನ ಕುಸುರಿ ಉಳಿಯಿತು, ಸಿಪಿಯು ತಣ್ಣಗಿತ್ತು. ನನ್ನ ಮತ ಇದಕ್ಕೇ. ಇನ್ನೂ ಹೊಸ ಕೋಡೆಕ್ ಎವಿ1 ಮಾಡುವ ಚಿಪ್ ನನ್ನ ಹಳೇ ಲ್ಯಾಪ್‌ಟಾಪಿನಲ್ಲಿಲ್ಲ, ಅದು ಪಂದ್ಯದಿಂದ ಹೊರಗೆ.

ಆದರೆ ಕೋಡೆಕ್ ಬದಲಿಸಿದ್ದಕ್ಕಿಂತ ಜಾಸ್ತಿ ಫಲ ಕೊಟ್ಟದ್ದು ಲೈಟು. ಬೆಳಕು ಕಮ್ಮಿ ಇದ್ದರೆ ಕ್ಯಾಮೆರಾ ಗೇನ್ (ಸಿಕ್ಕ ಬೆಳಕನ್ನು ಹಿಗ್ಗಿಸುವ ಮಟ್ಟ) ಏರಿಸುತ್ತದೆ, ಚಿತ್ರದಲ್ಲಿ ಕಾಳು ಕಾಳು ಗದ್ದಲ ಕುಣಿಯುತ್ತದೆ. ಆ ಕಾಳು ಪ್ರತಿ ಫ್ರೇಮಿಗೂ ಬೇರೆ. ಎನ್ಕೋಡರ್ ಪಾಪ, ಅದನ್ನೂ ವಿವರ ಅಂತಲೇ ನಂಬಿ ಬಿಟ್ ಸುರಿಯುತ್ತದೆ. ರಂಗಸ್ಥಳದ ಎರಡೂ ಬದಿಗೆ ಒಂದೊಂದು ಎಲ್‌ಇಡಿ ಹೆಚ್ಚಿಸಿ, ಗೇನ್ ಕೈಯಾರೆ ಇಳಿಸಿ, ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದ ಮೇಲೆ ಅದೇ 2500ರಲ್ಲಿ ಹಿಂದಿನ ಪರದೆಯ ಮಡಿಕೆಯೂ ಕಂಡಿತು. ಕೈಯಲ್ಲಿ ಹಿಡಿದು ಅತ್ತಿಂದಿತ್ತ ತಿರುಗಿಸುವ ಶಾಟ್ ಮಾತ್ರ ದಯವಿಟ್ಟು ಬೇಡ.

ಆಡಿಯೋದಲ್ಲಿ ಜಿಪುಣತನ ಸುಮ್ನೆ. 64 ಕೆಬಿಪಿಎಸ್‌ನಲ್ಲಿ ಚಂಡೆಯ ಪೆಟ್ಟು, ಜಾಗಟೆ, ಚಕ್ರತಾಳ ಎಲ್ಲ ಕಲಸಿಹೋಗುತ್ತವೆ. 128 ಕೊಟ್ಟರೂ ಅದು ವಿಡಿಯೋದ ಇಪ್ಪತ್ತರಲ್ಲಿ ಒಂದು ಪಾಲು, ಅಷ್ಟೇ. ಇನ್ನು ಯೂಟ್ಯೂಬಿನ ಲೇಟೆನ್ಸಿ (ಲೈವ್ ನೋಡುಗರಿಗೆ ತಲುಪುವ ತಡ) 'ನಾರ್ಮಲ್' ಇರಲಿ. ದುಬೈಯಲ್ಲಿ ಕೂತು ನೋಡುವವರಿಗೆ ಆಟ ಸ್ವಲ್ಪ ತಡವಾಗಿ ಬಂದರೆ ಏನೂ ನಷ್ಟವಿಲ್ಲ, ಅಲ್ವಾ?