ಹಳೇ ಪೋಸ್ಟ್‌ಗ್ರೆಸ್ ಓಡ್ತಾ ಇರೋವಾಗ್ಲೇ ಪಕ್ಕದಲ್ಲಿ ಹೊಸದು: ಡೆಬಿಯನ್ ಕ್ಲಸ್ಟರ್ ಟೂಲ್‌ಗಳ ರಿವ್ಯೂ

ಪೀಣ್ಯ ಸೆಕೆಂಡ್ ಸ್ಟೇಜ್‌ನಲ್ಲಿ ಒಂದು ಬೇರಿಂಗ್ ಹೋಲ್‌ಸೇಲ್ ಅಂಗಡಿ, ಅಲ್ಲಿನ ಬಿಲ್ಲಿಂಗ್ ಸರ್ವರ್ ನೋಡ್ಕೊಳ್ಳೋದು ನಾನೊಬ್ಬನೇ. ಡೆಬಿಯನ್ 11 ಅನ್ನೋ ಲಿನಕ್ಸ್, ಅದರ ಜೊತೆ ಬಂದ ಪೋಸ್ಟ್‌ಗ್ರೆಸ್ 13 ಡೇಟಾಬೇಸ್, 2021ರ ಕೊನೇಲಿ ಹಾಕಿದ್ದು, ಒಂದಿನ ಕೈ ಕೊಟ್ಟಿದ್ದಿಲ್ಲ. ಆದ್ರೆ ಪೋಸ್ಟ್‌ಗ್ರೆಸ್‌ನವ್ರು ಪ್ರತಿ ದೊಡ್ಡ ವರ್ಷನ್‌ಗೂ ಕೊಡೋದು 5 ವರ್ಷದ ಸಪೋರ್ಟ್, 13 ಬಂದಿದ್ದು 2020ರ ಸೆಪ್ಟೆಂಬರ್, ಹಾಗಾಗಿ 2025ರ ನವೆಂಬರ್‌ಗೆ ಅದರ ಆಯಸ್ಸು ಮುಗಿಯುತ್ತೆ ಅಂತ ಮೊದ್ಲೇ ಗೊತ್ತಿತ್ತು. 17ಕ್ಕೆ ಹೋಗೋಣ ಅಂತ ಓನರ್‌ಗೆ ಹೇಳ್ದಾಗ ಅವ್ರು ಕೇಳಿದ್ದು ಒಂದೇ ಮಾತು, "ಬಿಲ್ಲಿಂಗ್ ನಿಲ್ಲಲ್ಲ ತಾನೇ ಕಣಪ್ಪಾ?" ನಿಲ್ಲಲ್ಲ ಸರ್ ಅಂದೆ. ಆ ಮಾತು ಉಳಿಸಿಕೊಟ್ಟ ಟೂಲ್ ಬಗ್ಗೆ ಈ ರಿವ್ಯೂ.

ಇಷ್ಟು ಹುಷಾರಾಗಿರೋಕೆ ಕಾರಣ ಇದೆ. ಇದಕ್ಕೂ ಮುಂಚೆ ಕೆಲಸ ಮಾಡ್ತಿದ್ದ ಕಡೆ ಒಂದು ಶನಿವಾರ ರಾತ್ರಿ ಹಳೇ ಡೇಟಾಬೇಸ್ ತೆಗೆದು ಅದೇ ಜಾಗಕ್ಕೆ ಹೊಸದು ಕೂರಿಸೋಕೆ ಹೋದ್ವಿ, ಅರ್ಧದಲ್ಲಿ ಸಿಕ್ಕಿಹಾಕೊಂಡ್ತು, ಹಿಂದಕ್ಕೆ ಹೋಗೋಣ ಅಂದ್ರೆ ಹಳೇದು ಆಗ್ಲೇ ಹೋಗಿತ್ತು, ಬ್ಯಾಕಪ್ಪಿಂದ ರಿಸ್ಟೋರ್ ಮುಗಿಯೋ ಹೊತ್ತಿಗೆ ಸೋಮವಾರ ಹತ್ತು ಗಂಟೆ, ಕೌಂಟರ್‌ನಲ್ಲಿ ಹುಡುಗ್ರು ಕೈಯಲ್ಲಿ ಬಿಲ್ ಬರೀತಾ ನಿಂತಿದ್ರು. ಆ ಬೆಳಗ್ಗೆ ನಂಗೆ ಇನ್ನೂ ಮರೆತಿಲ್ಲ.

ಸರಿ, ಟೂಲ್ ಏನು ಅಂದ್ರೆ ಡೆಬಿಯನ್, ಉಬುಂಟುನಲ್ಲಿ ಪೋಸ್ಟ್‌ಗ್ರೆಸ್ ಜೊತೆ ತಾನಾಗೇ ಬರೋ ಪೋಸ್ಟ್‌ಗ್ರೆಸ್‌ಕ್ಯೂಎಲ್-ಕಾಮನ್ ಪ್ಯಾಕೇಜು. ಮಾರ್ಟಿನ್ ಪಿಟ್ ಶುರು ಮಾಡಿದ್ದು, ಈಗ ಕ್ರಿಸ್ಟೋಫ್ ಬರ್ಗ್ ನೋಡ್ಕೋತಾರೆ, ಪೂರ್ತಿ ಫ್ರೀ ಸಾಫ್ಟ್‌ವೇರ್. ಇದರ ಐಡಿಯಾ ತುಂಬ ಸರಳ. ಪ್ರತಿ ವರ್ಷನ್‌ಗೂ ಬೇರೆ ಬೇರೆ ಮನೆ. ಪ್ರೋಗ್ರಾಂ ಫೈಲು ಒಂದು ಫೋಲ್ಡರ್‌ನಲ್ಲಿ ವರ್ಷನ್ ನಂಬರ್ ಹೆಸರಲ್ಲಿ, ಡೇಟಾ ಇನ್ನೊಂದು ಕಡೆ ಅದೇ ನಂಬರ್ ಹೆಸರಲ್ಲಿ, ಸೆಟ್ಟಿಂಗ್ಸ್ ಮತ್ತೊಂದು ಕಡೆ. ಪೋರ್ಟ್ (ಆಪ್ ಬಂದು ಕನೆಕ್ಟ್ ಆಗೋ ಬಾಗಿಲ ನಂಬರ್) ಕೂಡ ಬೇರೆ, ಮೊದಲನೇದು 5432ರಲ್ಲಿ ಕೂತಿದ್ರೆ ಎರಡನೇದು ತಾನೇ ನೋಡ್ಕೊಂಡು 5433 ತಗೊಳ್ಳುತ್ತೆ. ಹೀಗೆ ತನ್ನದೇ ಡೇಟಾ, ಸೆಟ್ಟಿಂಗ್ಸ್, ಪೋರ್ಟ್ ಇರೋ ಒಂದೊಂದು ಸೆಟ್‌ಗೆ ಕ್ಲಸ್ಟರ್ ಅಂತಾರೆ. ಪಿಜಿ ಎಲ್ಎಸ್ ಕ್ಲಸ್ಟರ್ಸ್ ಅಂತ ಒಂದು ಕಮಾಂಡು ಹೊಡೆದ್ರೆ ಯಾವ ವರ್ಷನ್, ಯಾವ ಹೆಸರು, ಯಾವ ಪೋರ್ಟ್, ಓಡ್ತಿದೆಯಾ ನಿಂತಿದೆಯಾ ಎಲ್ಲ ಒಂದೊಂದು ಸಾಲಲ್ಲಿ ಬರುತ್ತೆ, ಓಡ್ತಿರೋದು ಹಸಿರು, ನಿಂತಿರೋದು ಕೆಂಪು. ಆ ತಿಂಗಳಲ್ಲಿ ನಾನು ಎಷ್ಟು ಸಲ ಆ ಕಮಾಂಡ್ ಹೊಡೆದಿದ್ದೀನೋ ಲೆಕ್ಕ ಇಲ್ಲ.

ಗೌರಿ ಗಣೇಶ ಹಬ್ಬ ಮುಗಿದ ವಾರ ಶುರು ಮಾಡ್ದೆ. ಡೆಬಿಯನ್ 11ರಲ್ಲಿ 17 ಇಲ್ಲ, ಪೋಸ್ಟ್‌ಗ್ರೆಸ್‌ನವ್ರದ್ದೇ ಎಪಿಟಿ ರೆಪೊಸಿಟರಿ (ಪ್ಯಾಕೇಜ್ ಇಳಿಸಿಕೊಳ್ಳೋ ಜಾಗ) ಸೇರಿಸಿಕೊಳ್ಬೇಕು. ಇಲ್ಲಿ ಒಂದು ವಿಷಯ ಗಮನಿಸಿ, ಬರೀ ಪೋಸ್ಟ್‌ಗ್ರೆಸ್‌ಕ್ಯೂಎಲ್ ಅಂತ ಇನ್‌ಸ್ಟಾಲ್ ಕೊಟ್ರೆ ಆವಾಗ ಯಾವುದು ಲೇಟೆಸ್ಟೋ ಅದು ಬಂದು ಕೂರುತ್ತೆ, ಮುಂದೆ ಇನ್ನೊಂದು ದೊಡ್ಡ ವರ್ಷನ್ ಬಂದಾಗ ಅಪ್‌ಗ್ರೇಡ್‌ನಲ್ಲಿ ಅದೂ ಎಳ್ಕೊಂಡು ಬರುತ್ತೆ. ಹೆಸರಲ್ಲೇ 17 ಅಂತ ನಂಬರ್ ಹಾಕಿ ಕೇಳಿ. (18 ಬಂದಿದ್ದು 2025ರ ಸೆಪ್ಟೆಂಬರ್ 25ಕ್ಕೆ, ನನ್ನ ಟೆಸ್ಟಿಂಗ್ ನಡೀತಿರೋವಾಗ್ಲೇ, ನಂಬರ್ ಹಾಕಿದ್ದಕ್ಕೆ ನಂಗೆ ಏನೂ ತೊಂದರೆ ಆಗ್ಲಿಲ್ಲ.) ಇನ್ನೊಂದು, ಹೊಸ ವರ್ಷನ್ ಹಾಕಿದ ತಕ್ಷಣ ಮೇನ್ ಅನ್ನೋ ಹೆಸರಲ್ಲಿ ಒಂದು ಖಾಲಿ ಕ್ಲಸ್ಟರ್ ತಾನೇ ಹುಟ್ಕೊಳ್ಳುತ್ತೆ, ಅದು ಕೊನೇಲಿ ನಿಜವಾದ ಅಪ್‌ಗ್ರೇಡ್ ಮಾಡೋವಾಗ ಅಡ್ಡ ಬರುತ್ತೆ, ಯಾಕಂದ್ರೆ ಅಪ್‌ಗ್ರೇಡ್ ಟೂಲ್‌ಗೆ ಆ ಹೆಸರು ಖಾಲಿ ಇರಬೇಕು. ಹಾಗಾಗಿ ಇನ್‌ಸ್ಟಾಲ್‌ಗೂ ಮುಂಚೆ ಕ್ರಿಯೇಟ್‌ಕ್ಲಸ್ಟರ್ ಕಾನ್ಫಿಗ್ ಫೈಲಲ್ಲಿ ಮೇನ್ ಕ್ಲಸ್ಟರ್ ಮಾಡ್ಬೇಡ ಅಂತ ಬರೆದು, ಆಮೇಲೆ 17ರಲ್ಲಿ ಟೆಸ್ಟ್ ಅನ್ನೋ ಹೆಸರಿನ ಕ್ಲಸ್ಟರ್ ನಾನೇ ಮಾಡ್ಕೊಂಡೆ. ಇದಾದ ಮೇಲೆ ಎರಡು ಹಸಿರು ಸಾಲು, ಅಂಗಡೀಲಿ ಬಿಲ್ಲಿಂಗ್ ನಡೀತಾನೇ ಇತ್ತು, ಯಾರಿಗೂ ಏನೂ ಗೊತ್ತಾಗ್ಲಿಲ್ಲ.

ಡೇಟಾ 38 ಜಿಬಿ. ರಾತ್ರಿ 13ರಿಂದ ಡಂಪ್ (ಪೂರ್ತಿ ಡೇಟಾದ ಕಾಪಿ ಫೈಲ್) ತೆಗೆದು 17ಕ್ಕೆ ಸುರಿದೆ, ಡಂಪ್ ತೆಗೆಯೋಕೆ ಹೊಸ ವರ್ಷನ್ ಜೊತೆ ಬಂದ ಡಂಪ್ ಪ್ರೋಗ್ರಾಂನೇ ಬಳಸ್ಬೇಕು, ಅದು ಹಳೇ ಸರ್ವರ್ ಜೊತೆ ಚೆನ್ನಾಗಿ ಮಾತಾಡುತ್ತೆ. ಡಿಸ್ಕಲ್ಲಿ ಜಾಗ ಮೊದ್ಲೇ ನೋಡ್ಕೊಳ್ಳಿ, ಡಂಪು ಮತ್ತೆ ಎರಡನೇ ಕಾಪಿ ಎರಡಕ್ಕೂ ಜಾಗ ಬೇಕು, ಹೊಸದಕ್ಕೆ ಸುರಿಯೋಕೆ ಹೋಗಿ ಡಿಸ್ಕ್ ತುಂಬಿಬಿಟ್ರೆ ನಿಲ್ಲೋದು ಹೊಸದೊಂದೇ ಅಲ್ಲ, ಪಕ್ಕದಲ್ಲಿ ಓಡ್ತಿರೋ ಹಳೇದೂ ನಿಲ್ಲಬಹುದು. ರ‍್ಯಾಮ್ ಕಥೆಯೂ ಅದೇ. ನಮ್ಮ ಮೆಷಿನ್‌ನಲ್ಲಿ 16 ಜಿಬಿ, 13ಕ್ಕೆ ಶೇರ್ಡ್ ಬಫರ್ (ಡೇಟಾ ಇಟ್ಕೊಳ್ಳೋ ಮೆಮೊರಿ) 4 ಜಿಬಿ ಕೊಟ್ಟಿದ್ದೆ, ಟೆಸ್ಟ್ ಕ್ಲಸ್ಟರ್‌ನ ಡೀಫಾಲ್ಟ್ 128 ಎಂಬಿಯಲ್ಲೇ ಬಿಟ್ಟಿದ್ದೆ, ಸ್ಪೀಡ್ ಹೋಲಿಸಿ ನೋಡೋ ಭಾನುವಾರ ಮಾತ್ರ ಜಾಸ್ತಿ ಮಾಡ್ದೆ.

ಈಗ ಮುಖ್ಯವಾದ ಎಚ್ಚರಿಕೆ, ಇದನ್ನ ದಯವಿಟ್ಟು ಓದಿ. ಡೇಟಾಬೇಸ್ ಬೇರೆ ಮಾಡಿದ್ರೆ ಸಾಲದು, ಅದರ ಮೇಲೆ ಓಡೋ ಆಪ್ ಹೊರಗಡೆ ಪ್ರಪಂಚದ ಜೊತೆ ಮಾತಾಡುತ್ತೆ. ನಮ್ಮ ಬಿಲ್ಲಿಂಗ್ ಆಪ್ ಬಿಲ್ ಸೇವ್ ಮಾಡಿದ ತಕ್ಷಣ ಜಿಎಸ್‌ಟಿ ಇ-ಇನ್‌ವಾಯ್ಸ್ ಪೋರ್ಟಲ್‌ಗೆ ಕಳಿಸಿ ಐಆರ್‌ಎನ್ (ಇನ್‌ವಾಯ್ಸ್ ರೆಫರೆನ್ಸ್ ನಂಬರ್) ತಗೊಳ್ಳುತ್ತೆ, ಪಾರ್ಟಿಗೆ ಎಸ್ಎಂಎಸ್ ಹೋಗುತ್ತೆ. ಟೆಸ್ಟ್ ಕಾಪೀಲಿ ಹಳೇ ಸೆಟ್ಟಿಂಗ್ಸ್ ಹಾಗೇ ಇದ್ರೆ ನೀವು ಟೆಸ್ಟ್‌ಗೆ ಅಂತ ಹೊಡೆದ ಬಿಲ್ ನಿಜವಾದ ಇನ್‌ವಾಯ್ಸ್ ಆಗಿ ಸರ್ಕಾರದ ಲೆಕ್ಕಕ್ಕೆ ಹೋಗುತ್ತೆ, ಪೋರ್ಟಲ್‌ನಲ್ಲಿ ಕ್ಯಾನ್ಸಲ್ ಮಾಡೋಕೆ ಇರೋದು 24 ಗಂಟೆ ಅಷ್ಟೇ. ಅದಕ್ಕೆ ಆಪ್‌ನ ಬೇರೆ ಫೋಲ್ಡರ್‌ಗೆ ಕಾಪಿ ಮಾಡಿ, ಇ-ಇನ್‌ವಾಯ್ಸ್ ಯೂಸರ್‌ನೇಮು ಪಾಸ್‌ವರ್ಡು, ಎಸ್ಎಂಎಸ್ ಕೀ ಎಲ್ಲ ಅಳಿಸಿ, ಅಷ್ಟು ಸಾಲದು ಅಂತ ಟೆಸ್ಟ್ ಡೇಟಾಬೇಸ್‌ನಲ್ಲಿ ಪಾರ್ಟಿಗಳ ಮೊಬೈಲ್ ನಂಬರ್ ಕಾಲಂ ಪೂರ್ತಿ ಖಾಲಿ ಮಾಡ್ದೆ, ರಾತ್ರಿ ಓಡೋ ಕ್ರಾನ್ ಕೆಲಸಗಳನ್ನ ಟೆಸ್ಟ್ ಕಡೆ ಹಾಕಲೇ ಇಲ್ಲ. ಡೇಟಾಬೇಸ್ ಹೆಸರೂ ಪಾಸ್‌ವರ್ಡೂ ಬೇರೆ ಇಟ್ಟೆ, ಅಪ್ಪಿತಪ್ಪಿ ಟೆಸ್ಟ್ ಆಪ್ 5432ಕ್ಕೆ ಬಡಿದ್ರೂ ಒಳಗೆ ಹೋಗಬಾರ್ದು ಅಂತ. ಸ್ಕ್ರೀನ್ ಮೇಲ್ಗಡೆ ಪಟ್ಟಿಗೆ ಕೆಂಪು ಬಣ್ಣ ಬಳಿದು "ಇದು ಟೆಸ್ಟ್" ಅಂತ ಕನ್ನಡದಲ್ಲೇ ದೊಡ್ಡದಾಗಿ ಬರೆದೆ.

ಇಷ್ಟೆಲ್ಲ ಮಾಡಿದ್ದಕ್ಕೆ ಸಿಕ್ಕಿದ್ದೇನು ಅಂದ್ರೆ ನಾಲ್ಕು ತೊಂದರೆ, ಎಲ್ಲವೂ ಟೆಸ್ಟ್‌ನಲ್ಲೇ ಸಿಕ್ಕಿದ್ವು.

ಮೊದಲನೇದು ಲಾಗಿನ್. ಪಾಸ್‌ವರ್ಡ್ ಸರಿ ಇದೆ, ಆದ್ರೂ ಫೇಲ್ ಅಂತಿದೆ. ಲಾಗ್ ಫೈಲ್ ತೆಗೆದು ನೋಡಿದ್ರೆ ಈ ಯೂಸರ್‌ಗೆ ಸರಿಯಾದ ಸ್ಕ್ರಾಮ್ ಸೀಕ್ರೆಟ್ ಇಲ್ಲ ಅಂತ ಬರೆದಿತ್ತು. 14ರಿಂದ ಪಾಸ್‌ವರ್ಡ್ ಇಟ್ಕೊಳ್ಳೋ ಡೀಫಾಲ್ಟ್ ವಿಧಾನ ಎಂಡಿ5 ಬಿಟ್ಟು ಸ್ಕ್ರಾಮ್ ಆಗಿದೆ, ನಾನು 13ರಿಂದ ತಂದ ಯೂಸರ್‌ಗಳ ಪಾಸ್‌ವರ್ಡ್ ಇನ್ನೂ ಎಂಡಿ5 ರೂಪದಲ್ಲೇ ಇತ್ತು, ಹೊಸ ಕ್ಲಸ್ಟರ್‌ನ ಎಚ್‌ಬಿಎ ಫೈಲು (ಯಾರನ್ನ ಹೇಗೆ ಒಳಗೆ ಬಿಡ್ಬೇಕು ಅಂತ ಬರೆದಿರೋದು) ಕೇಳ್ತಿದ್ದಿದ್ದು ಸ್ಕ್ರಾಮ್. ಪಾಸ್‌ವರ್ಡ್ ಮತ್ತೆ ಒಂದ್ಸಲ ಸೆಟ್ ಮಾಡಿದ ಮೇಲೆ ಬಿಲ್ಲಿಂಗ್ ಓಪನ್ ಆಯ್ತು. ಅಷ್ಟರಲ್ಲಿ ಗೋಡೌನ್‌ನಲ್ಲಿ ಬಾರ್‌ಕೋಡ್ ಲೇಬಲ್ ಹೊಡೆಯೋ ಪಿಸಿಯನ್ನ ಟೆಸ್ಟ್ ಕಡೆ ತಿರುಗಿಸಿ ನೋಡಿದ್ರೆ ಅದು ಅಥೆಂಟಿಕೇಶನ್ ಟೈಪ್ 10 (ಅಂದ್ರೆ ಸ್ಕ್ರಾಮ್) ಸಪೋರ್ಟ್ ಇಲ್ಲ ಅಂತ ಕೂತ್ಬಿಡ್ತು, ಅದರ ಜಾವಾ ಪ್ರೋಗ್ರಾಂ ಒಳಗಿದ್ದ, ಡೇಟಾಬೇಸ್ ಜೊತೆ ಮಾತಾಡೋ ಜೆಡಿಬಿಸಿ ಡ್ರೈವರ್ ತುಂಬ ಹಳೇದು, ಸ್ಕ್ರಾಮ್ ಗೊತ್ತಿರೋದು 42.2.0ರಿಂದ ಮೇಲಿನದಕ್ಕೆ. ಹೊಸ ಡ್ರೈವರ್‌ನ ಜಾರ್ ಫೈಲ್ ಹಾಕ್ದೆ, ಸರಿಹೋಯ್ತು. ಖುಷಿ ಏನಂದ್ರೆ ಆ ಹೊಸ ಜಾರ್ ಹಳೇ 13ರ ಜೊತೆಗೂ ಕೆಲಸ ಮಾಡುತ್ತೆ, ಹಾಗಾಗಿ ನಿಜವಾದ ಗೋಡೌನ್ ಪಿಸಿಗೆ ಅದನ್ನ ಅವತ್ತೇ ಹಾಕಿಬಿಟ್ಟೆ, ಬದಲಾವಣೆ ದಿನದ ಕೆಲಸದಲ್ಲಿ ಒಂದು ಕಮ್ಮಿ ಆಯ್ತು. ಹಳೇದಕ್ಕೂ ಹೊಸದಕ್ಕೂ ಒಗ್ಗೋ ರಿಪೇರಿ ಯಾವುದಿದ್ರೂ ಮುಂಚೆನೇ ಮಾಡಿ ಮುಗಿಸ್ಬೇಕು ಅನ್ನೋದು ನನ್ನ ಅಭಿಪ್ರಾಯ.

ಎರಡನೇದನ್ನ ಹಿಡಿದಿದ್ದು ನಾನಲ್ಲ, ಅಕೌಂಟ್ಸ್ ನೋಡೋ ಮೇಡಂ. ಟೆಸ್ಟ್ ಸ್ಕ್ರೀನ್‌ನಲ್ಲಿ ಅರ್ಧ ಗಂಟೆ ಕೂತ್ಕೊಂಡು ನೋಡಿ "ಇದ್ರಲ್ಲಿ ಪಾರ್ಟಿ ಲಿಸ್ಟ್ ಯಾಕೋ ಉಲ್ಟಾ ಪಲ್ಟಾ ಆಗಿದೆ ನೋಡಿ" ಅಂದ್ರು. ಸಣ್ಣಕ್ಷರದಲ್ಲಿ ಎಂಟ್ರಿ ಮಾಡಿದ್ದ ಹೆಸರೆಲ್ಲ ಝಡ್ ಆದ್ಮೇಲೆ ಕೆಳಗೆ ಹೋಗಿ ಕೂತಿತ್ತು, ಎ ಅಕ್ಷರದ ಪಾರ್ಟಿ ಹುಡುಕೋಕೆ ಲಿಸ್ಟ್ ಕೊನೆಗೆ ಹೋಗ್ಬೇಕು. ಕಾರಣ ಲೊಕೇಲ್, ಅಂದ್ರೆ ಯಾವ ಭಾಷೆ ನಿಯಮದಲ್ಲಿ ಅಕ್ಷರ ಜೋಡಿಸ್ಬೇಕು ಅನ್ನೋ ಸೆಟ್ಟಿಂಗ್. ನಾನು ಟೆಸ್ಟ್ ಕ್ಲಸ್ಟರ್ ಮಾಡೋವಾಗ ಟರ್ಮಿನಲ್‌ನಲ್ಲಿ ಸಿ-ಯುಟಿಎಫ್8 ಇತ್ತು, ಕ್ಲಸ್ಟರ್ ಅದನ್ನೇ ಹಿಡ್ಕೊಂಡ್ತು, ಅದು ಅಕ್ಷರದ ಕೋಡ್ ನಂಬರ್ ಪ್ರಕಾರ ಜೋಡಿಸುತ್ತೆ, ದೊಡ್ಡಕ್ಷರ ಎಲ್ಲ ಮೊದಲು. ಹಳೇದರಲ್ಲಿ ಇದ್ದಿದ್ದು ಇಂಡಿಯನ್ ಇಂಗ್ಲಿಷ್ ಲೊಕೇಲ್. ಕ್ಲಸ್ಟರ್ ಅಳಿಸಿ ಸರಿಯಾದ ಲೊಕೇಲ್ ಕೊಟ್ಟು ಮತ್ತೆ ಮಾಡ್ದೆ. ಎಷ್ಟೇ ಕ್ವೆರಿ ಓಡಿಸಿ ನೋಡಿದ್ರೂ ದಿನಾ ಆ ಸ್ಕ್ರೀನ್ ಮುಂದೆ ಕೂರೋರ ಕಣ್ಣಿಗೆ ಬೀಳೋದು ನಮಗೆ ಬೀಳಲ್ಲ, ಅದಕ್ಕೆ ಅವ್ರನ್ನ ಕೂರಿಸಲೇಬೇಕು.

ಮೂರನೇದು ಸಣ್ಣದು, 15ರಿಂದ ಹೊಸದಾಗಿ ಮಾಡಿದ ಡೇಟಾಬೇಸ್‌ನಲ್ಲಿ ಪಬ್ಲಿಕ್ ಸ್ಕೀಮಾದೊಳಗೆ (ಟೇಬಲ್‌ಗಳು ಮಾಮೂಲಾಗಿ ಕೂರೋ ಜಾಗ) ಯಾರು ಬೇಕಾದ್ರೂ ಟೇಬಲ್ ಮಾಡೋಕೆ ಬಿಡಲ್ಲ, ಅಪ್‌ಗ್ರೇಡ್ ಆಗಿ ಬಂದ ಹಳೇ ಡೇಟಾಬೇಸ್‌ಗೆ ಹಳೇ ಪರ್ಮಿಶನ್ನೇ ಉಳಿಯುತ್ತೆ. ನಾವು ಪ್ರತಿ ಹಣಕಾಸು ವರ್ಷಕ್ಕೆ ಹೊಸ ಡೇಟಾಬೇಸ್ ಮಾಡೋದ್ರಿಂದ ಇದು ಬರೋ ಏಪ್ರಿಲ್‌ನಲ್ಲಿ ಕಾಡ್ತಿತ್ತು, ಈಗ್ಲೇ ಸ್ಕ್ರಿಪ್ಟ್‌ನಲ್ಲಿ ಗ್ರಾಂಟ್ ಅನ್ನೋ ಪರ್ಮಿಶನ್ ಕೊಡೋ ಸಾಲು ಸೇರಿಸಿಟ್ಟೆ.

ನಾಲ್ಕನೇದಕ್ಕೆ ಸ್ವಲ್ಪ ಹೆದರಿದೆ. ತಿಂಗಳ ಜಿಎಸ್‌ಟಿ ರಿಪೋರ್ಟ್ 13ರಲ್ಲಿ 4 ಸೆಕೆಂಡ್, 17ರಲ್ಲಿ ಮುಕ್ಕಾಲು ನಿಮಿಷ. ಹೊಸದು ಇಷ್ಟು ನಿಧಾನನಾ ಅನ್ನಿಸ್ತು. ಎಕ್ಸ್‌ಪ್ಲೇನ್ (ಕ್ವೆರಿ ಹೇಗೆ ಓಡುತ್ತೆ ಅಂತ ತೋರಿಸೋ ಕಮಾಂಡ್) ಹಾಕಿ ನೋಡಿದ್ರೆ ದೊಡ್ಡ ಟೇಬಲ್‌ನಲ್ಲಿ ಎಷ್ಟು ಸಾಲಿದೆ ಅನ್ನೋ ಅಂದಾಜೇ ಅದಕ್ಕಿಲ್ಲ. ಸ್ಟ್ಯಾಟಿಸ್ಟಿಕ್ಸ್ ಇಲ್ಲ, ಅಷ್ಟೇ ವಿಷಯ. ರಿಸ್ಟೋರ್ ಆದ್ಮೇಲೆ ಆ ಲೆಕ್ಕ ಹಾಕೋ ಅನಲೈಜ್ ಕಮಾಂಡ್ ಓಡಿಸಿರ್ಲಿಲ್ಲ. ಓಡಿಸಿದ ಮೇಲೆ ರಿಪೋರ್ಟ್ 3 ಸೆಕೆಂಡ್‌ಗೆ ಬಂತು. ವರ್ಷನ್ ಮೇಲೇರಿಸೋ ಪೋಸ್ಟ್‌ಗ್ರೆಸ್‌ನದ್ದೇ ಟೂಲ್ ಪಿಜಿ ಅಪ್‌ಗ್ರೇಡ್‌ನಲ್ಲೂ 17ರ ತನಕ ಇದೇ ಕಥೆ, ಈ ಲೆಕ್ಕ ಹೊಸ ಕಡೆಗೆ ಬರಲ್ಲ, 18ರಿಂದ ಹೆಚ್ಚಿನ ಪಾಲು ಜೊತೇಲೇ ಬರುತ್ತೆ.

ಬದಲಾವಣೆಗೆ ಆರಿಸಿದ ದಿನ ವಿಜಯದಶಮಿ, ಅಕ್ಟೋಬರ್ 2. ಹಿಂದಿನ ದಿನ ಆಯುಧಪೂಜೆಗೆ ಓನರ್ ಸರ್ವರ್‌ಗೂ ಅರಿಶಿನ ಕುಂಕುಮ ಇಟ್ಟು ಚೆಂಡುಹೂವಿನ ಹಾರ ಹಾಕಿದ್ರು, ಫ್ಯಾನ್ ಗಾಳಿ ಹೋಗೋ ಜಾಗಕ್ಕೆ ಅಡ್ಡ ಬರದ ಹಾಗೆ ನಾನೇ ಸ್ವಲ್ಪ ಪಕ್ಕಕ್ಕೆ ಸರಿಸಿ ಕಟ್ದೆ. ವಿಜಯದಶಮಿ ಬೆಳಗ್ಗೆ ಅಂಗಡಿ ಬಾಗಿಲು ಹಾಕಿತ್ತು. ಮೊದ್ಲು ಬ್ಯಾಕಪ್, ಆಮೇಲೆ ಟೆಸ್ಟ್ ಕ್ಲಸ್ಟರ್ ತೆಗೆದು, ಪಿಜಿ ಅಪ್‌ಗ್ರೇಡ್ ಕ್ಲಸ್ಟರ್ ಅನ್ನೋ ಕಮಾಂಡ್‌ಗೆ ಅಪ್‌ಗ್ರೇಡ್ ವಿಧಾನ (ಒಳಗೆ ಪಿಜಿ ಅಪ್‌ಗ್ರೇಡನ್ನೇ ಓಡಿಸೋದು) ಕೊಟ್ಟು ಎಂಟರ್ ಒತ್ತಿದೆ. ಲಿಂಕ್ ಆಪ್ಶನ್ ಹಾಕ್ಲಿಲ್ಲ. ಲಿಂಕ್ ಹಾಕಿದ್ರೆ ಫೈಲ್ ಕಾಪಿ ಮಾಡದೆ ಎರಡೂ ಕಡೆ ಒಂದೇ ಫೈಲ್ ಹಂಚ್ಕೊಳ್ಳುತ್ತೆ, ತುಂಬ ಬೇಗ ಮುಗಿಯುತ್ತೆ ನಿಜ, ಆದ್ರೆ ಹೊಸದನ್ನ ಒಂದ್ಸಲ ಸ್ಟಾರ್ಟ್ ಮಾಡಿದ್ರೆ ಹಳೇದನ್ನ ಮತ್ತೆ ಓಡಿಸೋಕಾಗಲ್ಲ. ನಮಗೆ ಇಡೀ ದಿನ ರಜಾ ಇದೆ, ಆತುರ ಯಾಕೆ. ಕಾಪಿ ಮುಗಿದ ಮೇಲೆ ಟೂಲ್ ತಾನೇ ಪೋರ್ಟ್ ಅದಲು ಬದಲು ಮಾಡ್ತು, 17 ಬಂದು 5432ರಲ್ಲಿ ಕೂತ್ಕೊಂಡ್ತು, 13 ಹೋಯ್ತು 5433ಕ್ಕೆ, ರೀಬೂಟ್ ಆದ್ರೂ ತಾನಾಗೇ ಎದ್ದೇಳದ ಹಾಗೆ ಮ್ಯಾನ್ಯುಯಲ್ ಅಂತಾನೂ ಬರ್ಕೊಂಡ್ತು. ಆಪ್‌ನ ಒಂದು ಸೆಟ್ಟಿಂಗೂ ಬದಲಿಸಬೇಕಾಗ್ಲಿಲ್ಲ. ಅನಲೈಜ್ ಓಡಿಸ್ದೆ, ಸಂಜೆ ಮೇಡಂ ಮನೆಯಿಂದಾನೇ ಹತ್ತಾರು ರಿಪೋರ್ಟ್ ತೆಗೆದು ಹಳೇ ಪ್ರಿಂಟ್ ಜೊತೆ ತಾಳೆ ನೋಡಿ ಸರಿ ಇದೆ ಅಂದ್ರು.

ಒಂದು ವಿಷಯ ತಲೇಲಿ ಇರ್ಲಿ, ಹಿಂದಕ್ಕೆ ಹೋಗೋ ದಾರಿ ಇರೋದು ಮಾರನೇ ದಿನದ ಮೊದಲ ಬಿಲ್ ಬೀಳೋ ತನಕ ಮಾತ್ರ. ಆಮೇಲೆ 17ಕ್ಕೆ ಬಿದ್ದ ಬಿಲ್ 13ರಲ್ಲಿ ಇರಲ್ಲ. ಅದಕ್ಕೆ ಶುಕ್ರವಾರ ಬೆಳಗ್ಗೆ ಎಂಟಕ್ಕೇ ಹೋಗಿ ಗೋಡೌನ್ ಪಿಸಿ, ಎರಡು ಕೌಂಟರು, ಲೇಬಲ್ ಪ್ರಿಂಟರ್ ಒಂದೊಂದೇ ನೋಡಿ ಆಮೇಲೆ ಶಟರ್ ಎತ್ತಿ ಅಂದೆ.

ಕೊರತೆ ಹೇಳ್ಬೇಕು ಅಂದ್ರೆ ಎರಡಿದೆ. ಕ್ಲಸ್ಟರ್ ಅಳಿಸೋ ಪಿಜಿ ಡ್ರಾಪ್ ಕ್ಲಸ್ಟರ್ ಕಮಾಂಡ್ ಖಂಡಿತಾನಾ ಅಂತ ಒಂದು ಮಾತೂ ಕೇಳಲ್ಲ, ಓಡ್ತಿರೋದನ್ನ ಸ್ಟಾಪ್ ಅಂತ ಸೇರಿಸದೆ ಅಳಿಸಲ್ಲ ಅನ್ನೋದೊಂದೇ ಸಮಾಧಾನ, ಸ್ಟಾಪ್ ಸೇರಿಸಿ ಹೊಡೆಯೋವಾಗ 13 ಬದಲು 17 ಅಂತ ಬೆರಳು ಜಾರಿದ್ರೆ ಡೇಟಾ ಹೋಯ್ತು. ಇಷ್ಟು ಜವಾಬ್ದಾರಿ ಕೆಲಸಕ್ಕೆ ಒಂದು ಪ್ರಶ್ನೆ ಕೇಳೋದು ದೊಡ್ಡದಾಗ್ತಿರ್ಲಿಲ್ಲ. ಇನ್ನೊಂದು, ಈ ಅನುಕೂಲ ಡೆಬಿಯನ್ ಉಬುಂಟು ಕಡೆಯವ್ರಿಗೇ, ರೆಡ್ ಹ್ಯಾಟ್ ಬಳಗದಲ್ಲಿ ಎರಡು ವರ್ಷನ್ ಪಕ್ಕಪಕ್ಕ ಹಾಕ್ಬಹುದು ಆದ್ರೆ ಪೋರ್ಟ್ ಬದಲಿಸೋದು ಇತ್ಯಾದಿ ಕೈಯಾರೆ ಮಾಡ್ಕೋಬೇಕು. ಇವೆರಡಕ್ಕೆ ಅರ್ಧ ಸ್ಟಾರ್ ಕಮ್ಮಿ ಮಾಡಿ 5ಕ್ಕೆ 4.5 ಕೊಡ್ತೀನಿ.

13ನ್ನ ದೀಪಾವಳಿ ದಾಟೋ ತನಕ ಹಾಗೇ ಇಟ್ಟಿದ್ದೆ, ಅಕ್ಟೋಬರ್ ತಿಂಗಳ ಲೆಕ್ಕ ಪೂರ್ತಿ ಕ್ಲೋಸ್ ಆಯ್ತು ಅಂತ ಮೇಡಂ ಹೇಳಿದ ಮೇಲೆ ನವೆಂಬರ್ ಮೊದಲ ವಾರ ಅಳಿಸ್ದೆ, ಕಮಾಂಡ್‌ನಲ್ಲಿ 13 ಅಂತಾನೇ ಇದೆಯಾ ಅಂತ ಬಾಯ್ಬಿಟ್ಟು ಎರಡು ಸಲ ಓದ್ಕೊಂಡು. ಆಮೇಲೆ ಪಿಜಿ ಎಲ್ಎಸ್ ಕ್ಲಸ್ಟರ್ಸ್ ಹೊಡೆದ್ರೆ ಒಂದೇ ಸಾಲು, 17, ಮೇನ್, 5432, ಹಸಿರು.